ಒಂದೇ ಬೋಗುಣಿ

ಡಾಕ್ಟರಮ್ಮ ಹಾಳೆಯ ಮೇಲೊಂದು ತಟ್ಟೆ ಬರೆದಳು.
ಗೆರೆ ಎಳೆದು, ಅರ್ಧ ತರಕಾರಿ ಅಂದಳು,
ಕಾಲು ಮೀನು, ಉಳಿದ ಕಾಲು ಅನ್ನ.
ಚಿತ್ರ ಚೆನ್ನಾಗಿತ್ತು. ಮಡಿಸಿ ಜೇಬಿಗಿಟ್ಟೆ.
ನಮ್ಮ ಮನೆಯಲ್ಲಿ ತಟ್ಟೆಯೇ ಇಲ್ಲವೆಂದು
ಹೇಳಲು ಬಾಯಿ ಬರಲಿಲ್ಲ.

ಯೋಫ್‌ನಲ್ಲಿ ಊಟವೆಂದರೆ ಒಂದು ಬೋಗುಣಿ,
ಸುತ್ತ ಒಂಬತ್ತು ಜನ, ಒಂಬತ್ತು ಬಲಗೈ.
ಟೊಮೆಟೊ, ಎಣ್ಣೆ ಕುಡಿದು ಕೆಂಪಾದ ನುಚ್ಚಕ್ಕಿ ಅನ್ನ,
ನಡುವೆ ಮೀನು, ಕೋಸು, ಬದನೆ, ಮರಗೆಣಸು.
ಅವರವರ ಮುಂದಿನದು ಅವರವರಿಗೆ.
ಪಕ್ಕದವನ ಪಾಲಿಗೆ ಬೆರಳು ಚಾಚಿದರೆ
ಅಜ್ಜಿ ಸೌಟಿನಿಂದ ಗಿಣ್ಣಿಗೆ ಹೊಡೆಯುತ್ತಿದ್ದಳು.
ಈ ದುಂಡನೆಯ ಲೋಕದಲ್ಲಿ ಕಾಲು ಭಾಗವನ್ನು
ಎಲ್ಲಿಂದ ಎಣಿಸಲಿ?

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಬೀರಾಮ್ ನಾನು,
ಕುಂತಲ್ಲೇ ಕುಂತು ಡಕಾರಿನ ಉದ್ದಗಲ ಅಳೆದವನು.
ಈಗ ನಡೆ ಅನ್ನುತ್ತಾರೆ. ದಿನಕ್ಕೆ ಅರ್ಧ ತಾಸು, ನಿಲ್ಲದೆ.
ನಿಲ್ಲದೆ! ನಮ್ಮೂರಲ್ಲಿ!
ಹತ್ತು ಹೆಜ್ಜೆಗೊಬ್ಬರು ಕೈ ಹಿಡಿಯುತ್ತಾರೆ:
ಮನೆಯವರು ಹೇಗೆ, ಮಕ್ಕಳು ಹೇಗೆ, ಆಡು ಈಯಿತೇ,
ನಿದ್ದೆ ಬಂತೇ, ಸೆಖೆ ಹೇಗೆ, ಸಕ್ಕರೆ ಹೇಗೆ?
ಉತ್ತರಿಸದೆ ಹೋದವನ ಮನೆಗೆ ನಾಳೆ ಯಾರು ಬಂದಾರು?
ಅದಕ್ಕೇ ಅಲೆಯ ಅಂಚಿಗೆ ಇಳಿದೆ.
ಅಲ್ಲಿ ಜಟ್ಟಿ ಹುಡುಗರು ಸೊಂಟಕ್ಕೆ ಹಗ್ಗ ಬಿಗಿದು
ಲಾರಿಯ ಟೈರು ಎಳೆಯುತ್ತಿರುತ್ತಾರೆ.
ಅವರ ನಡುವೆ ನಾನು, ಪ್ಲಾಸ್ಟಿಕ್ ಬೂಟು ತೊಟ್ಟು
(ಬರಿಗಾಲು ಕೂಡದು, ಒಂದು ಚಿಪ್ಪು ತಾಗಿದರೂ ಸಾಕಂತೆ)
ನನ್ನ ಹೊಟ್ಟೆಯನ್ನೇ ಟೈರಿನಂತೆ ಎಳೆದುಕೊಂಡು.

ಮೊದಲ ತಿಂಗಳು ಛಲ ಬಂದಿತ್ತು.
ಅನ್ನ ಮುಟ್ಟಲಿಲ್ಲ. ಕೋಸು, ಬದನೆ, ಮತ್ತೆ ಕೋಸು.
ಎಲ್ಲರಿಗಿಂತ ಮೊದಲು ಎದ್ದು ಕೈ ತೊಳೆಯುತ್ತಿದ್ದೆ.
ಆರಮ್ ಏನೂ ಅನ್ನಲಿಲ್ಲ,
ಅವಳೂ ಅರ್ಧಕ್ಕೇ ಏಳತೊಡಗಿದಳು.
ಬಾಯಿ ಕಟ್ಟಬಹುದು, ಹುರಿದ ಈರುಳ್ಳಿಗೆ
ಮೂಗು ಕಟ್ಟುವುದು ಹೇಗೆ?

ಒಂದು ಸಂಜೆ, ಮಾತ್ರೆ ನುಂಗಿ, ಹಸಿದ ಹೊಟ್ಟೆಯಲ್ಲಿ
ಮೀನು ದೋಣಿಗಳ ಆಚೆಗೂ ನಡೆದುಬಿಟ್ಟೆ.
ಕೈ ನಡುಗಿತು. ಸಮುದ್ರ ಬೂದಿಯಾಯಿತು.
ಮರಳಿನಲ್ಲಿ ಕುಸಿದವನ ಬಾಯಿಗೆ
ಜಟ್ಟಿಯೊಬ್ಬ ಚಹಾದ ಸಕ್ಕರೆಗಟ್ಟಿ ತುರುಕಿದ,
ಇನ್ನೊಂದು, ಮತ್ತೊಂದು.
ಮರಳೂ ಸೇರಿ ಕರಕರ ಕಡಿದೆ.
ತಿಂಗಳಿಡೀ ಶತ್ರುವೆಂದು ಬೈದದ್ದೇ
ರಟ್ಟೆ ಹಿಡಿದು ಎಬ್ಬಿಸಿತು.
ಹುಡುಗ ನಕ್ಕ: "ಅಜ್ಜ, ಕುಸ್ತಿಯಲ್ಲಿ
ಎದುರಾಳಿಯ ತೋಳು ಬಿಟ್ಟವನೇ ಮೊದಲು ಬೀಳೋದು."

ಮರುದಿನ ಜೇಬಿನ ಹಾಳೆಯನ್ನು ಆರಮ್‌ಗೆ ಕೊಟ್ಟೆ.
ಓದು ಬಾರದವಳು ಬಹಳ ಹೊತ್ತು ನೋಡಿದಳು.
ಮಧ್ಯಾಹ್ನ ಬೋಗುಣಿ ಎಂದಿನಂತೆಯೇ ಕೆಂಪಗಿತ್ತು,
ನನ್ನ ಮುಂದೆ ಬೆರಳಿಟ್ಟರೆ
ಅನ್ನದಡಿಯಲ್ಲಿ ಕೋಸಿನ ಹಾಸು.
ಮೇಲೆ ಅನ್ನ ಮೂರೇ ತುತ್ತು. ನಡುವಿನಿಂದ ಅವಳು
ಮುಳ್ಳು ಬಿಡಿಸಿದ ಮೀನು ಮುರಿದು ನನ್ನ ಕಡೆ ಎಸೆದಳು.
ಪಕ್ಕದ ಮನೆಯ ಅತಿಥಿಗೂ ಏನೂ ತಿಳಿಯಲಿಲ್ಲ.

ಊಟವಾದ ಮೇಲೆ ಮೊಮ್ಮಗ ಚಹಾ ಕಾಸುತ್ತಾನೆ, ಮೂರು ಸುತ್ತು.
ಮೊದಲನೆಯದು ಕಹಿ, ಅದು ನನ್ನದು.
ಎರಡನೆಯದನ್ನು ನೋಡುತ್ತೇನೆ.
ಮೂರನೆಯದು ಪುದೀನ, ಪಾಕ, ನೊರೆ:
ಶುಕ್ರವಾರ ಮಾತ್ರ, ಒಂದು ಗುಟುಕು.
ಗುರುವಾರದಿಂದಲೇ ಕಾಯುತ್ತೇನೆ.
ದಿನವೂ ಕುಡಿಯುತ್ತಿದ್ದಾಗ ಅದಕ್ಕಿಷ್ಟು ರುಚಿ ಇತ್ತೇ?
ನೆನಪಿಲ್ಲ.

ಸುಳ್ಳೇಕೆ, ಕುರಿಯ ಹಬ್ಬದಲ್ಲಿ ಎಲ್ಲ ಮರೆತೆ.
ನಾಲ್ಕು ದಿನ ಯಂತ್ರವನ್ನು ಮಂಚದಡಿಗೆ ಒದ್ದಿಟ್ಟೆ.
ಐದನೆಯ ದಿನ ಬಗ್ಗಿ ತೆಗೆದೆ,
ಬಗ್ಗಲು ಈಗ ಬರುತ್ತದೆ.

ಕೊನೆಗೆ ಮಡಕೆಯ ತಳ ಕೆರೆಯುವ ಸದ್ದು.
ಎಣ್ಣೆ, ಉಪ್ಪು, ಹುಣಸೆ ಎಲ್ಲ ಇಳಿದು
ತಳ ಹಿಡಿದ ಅನ್ನದ ಚಕ್ಕೆ;
ಅದಕ್ಕಾಗಿ ಅಣ್ಣನ ಹಲ್ಲು ಮುರಿದಿದ್ದೆ ಒಮ್ಮೆ.
ಆರಮ್ ಹೆಬ್ಬೆಟ್ಟಿನಷ್ಟು ಮುರಿದು ಅಂಗೈಗಿಟ್ಟು
ಬಾಗಿಲ ಬಳಿಯ ಬೂಟು ತೋರಿಸುತ್ತಾಳೆ:
ಮಸೀದಿ ಕಾಣುವ ತನಕ ಜಗಿ, ನುಂಗಬೇಡ.

ಹೊರಡುತ್ತೇನೆ, ದವಡೆಯಲ್ಲಿ ಚಕ್ಕೆ.
ದಾರಿಯಲ್ಲಿ ಯಾರಾದರೂ, ಸಕ್ಕರೆ ಹೇಗೆ, ಎಂದರೆ
ಬಾಯಿ ತುಂಬಿದೆಯೆಂದು
ಕೈ ಬೀಸಿ ನಡೆಯುತ್ತೇನೆ.