ಒಂಬತ್ತನೆಯ ವಾರದ ಕೆಮ್ಮು

ಲಿಬೆರೆಟ್ಸಿನಲ್ಲಿ ಗಿರಣಿಗಳು ನಿಂತು ಮೂವತ್ತು ವರ್ಷ.
ನೇಯುವವರ ಮೊಮ್ಮಕ್ಕಳು ನಾವು,
ಅದೇ ಇಟ್ಟಿಗೆ ಕಟ್ಟಡದ ಮೂರನೆಯ ಮಹಡಿಯಲ್ಲಿ
ಬಟ್ಟೆ ಹರಿಯುತ್ತೇವೆ,
ಸಂಬಳಕ್ಕೆ.

ಬೆರಳಗಲದ ಬಲೆಯ ಚೂರುಗಳು
ಮೂವತ್ತೇಳು ಡಿಗ್ರಿಯ ಉಪ್ಪುನೀರಲ್ಲಿ
ಸೀಸೆಗೊಂದರಂತೆ ಮುಳುಗಿ ಕೂತಿವೆ;
ಸೀಸೆಯ ಕೊರಳಿಗೆ ಬೊಹುಂಕಾಳ ಕೈಬರಹದ ತಾರೀಕು.
ಹೊರಗೆ ಹಿಮ, ತಿರುವಿನಲ್ಲಿ ಟ್ರಾಮ್ ಕಿರುಗುಟ್ಟುವ ಸದ್ದು,
ಒಳಗೆ ಯಾರದೂ ಅಲ್ಲದ ಒಂದು ಮೈಶಾಖ.

ಗುರುವಾರ ಒಂದೊಂದೇ ತೆಗೆದು ಒರೆಸಿ ತೂಗುತ್ತೇನೆ.
ತೂಕ ಮೊದಲಿನಷ್ಟೇ.
ಬಣ್ಣ, ಕಣ್ಣು, ಗಂಟು, ಎಲ್ಲ ಮೊದಲಿನಂತೆಯೇ.
ಶಕ್ತಿ ಮೊದಲು ಹೋಗುತ್ತದೆ,
ತೂಕ ಆಮೇಲೆ.
ನೀರು ಒಳಗೆಲ್ಲೋ ಸರಪಳಿಯ ಕೊಂಡಿ ಕಡಿಯುತ್ತಿರುತ್ತದೆ,
ಮೇಲೆ ಗೊತ್ತಾಗುವುದಿಲ್ಲ.
ಅಜ್ಜ ಓಲ್ದ್ರಿಖ್ ಕೊನೆಯ ಚಳಿಗಾಲದಲ್ಲೂ
ಅದೇ ಕೋಟು ತೊಟ್ಟು, ಎಲ್ಲ ಗುಂಡಿ ಹಾಕಿ
ಬಿಯರಿಗೆ ಹೋಗುತ್ತಿದ್ದ.

ಯಂತ್ರದ ಎರಡು ದವಡೆಗೆ ಕಚ್ಚಿಸಿ ಗುಂಡಿ ಒತ್ತಿದರೆ
ಅದು ಕೆಮ್ಮುತ್ತದೆ.
ಹೊಟ್ಟೆ ಹೊಲಿಸಿಕೊಂಡವನೊಬ್ಬ
ದಿಂಬು ಅವುಚಿಕೊಂಡು ಕೆಮ್ಮುವಷ್ಟೇ ಬಲ,
ಅಷ್ಟೇ ಬಿಡುವು, ಮತ್ತೆ ಕೆಮ್ಮು.
ಹತ್ತು ಸಾವಿರ ಕೆಮ್ಮು, ಕಫವಿಲ್ಲದೆ.
ಪಕ್ಕದಲ್ಲಿ ಕೂತು ನಾನು ಬ್ರೆಡ್ಡು ತಿನ್ನುತ್ತೇನೆ.

ಹಾವು ಸಾಯಬೇಕು, ಕೋಲು ಮುರಿಯಬಾರದು
ಎಂಬುದು ಬೇರೆ ಕೆಲಸದ ಮಾತು.
ಇಲ್ಲಿ ಕೋಲು ಮುರಿಯಲೇಬೇಕು,
ಕರಗಿ, ಉಸಿರಲ್ಲಿ ಹೊರಟುಹೋಗಬೇಕು;
ಆದರೆ ಮಾಂಸ ತನ್ನ ಭಾರ ತಾನು ಹೊರಲು ಕಲಿತ
ಮಾರನೆಯ ದಿನ.
ಆ ದಿನ ಯಾವುದೆಂದು ಮಾಂಸ ಹೇಳುವುದಿಲ್ಲ.
ಹನ್ನೆರಡನೆಯ ವಾರ ಎಂದು ನಾವು ಬರೆದುಕೊಂಡಿದ್ದೇವೆ.

ಒಂಬತ್ತನೆಯ ವಾರದ ಏಳನೆಯ ಚೂರು
ನಾಲ್ಕು ಸಾವಿರದ ಇನ್ನೂರ ಹನ್ನೊಂದನೆಯ ಕೆಮ್ಮಿಗೆ
ಅಂಚಿನ ಗಂಟಿನಲ್ಲಿ ಬಿಟ್ಟಿತು.
ಸದ್ದೂ ಆಗಲಿಲ್ಲ.
ಪರದೆಯ ಮೇಲಿನ ಗೆರೆ
ಮೆಟ್ಟಿಲು ತಪ್ಪಿದವರಂತೆ ಕೆಳಗೆ ಬಿತ್ತು.

ರಾದೋವನ್ ಬಂದು ನೋಡಿದ. ಹುಡುಗ, ಬುದ್ಧಿವಂತ,
ಸೋಮವಾರ ವರದಿ ಕೊಡಬೇಕಾದವನು.
'ದವಡೆ ಹೆಚ್ಚು ಬಿಗಿದಿರಬೇಕು ನೀವು.
ಹಿಂದಿನ ಆರೂ ಪೂರ್ತಿ ಕೆಮ್ಮಿ ಮುಗಿಸಿವೆಯಲ್ಲ,
ಇದೊಂದನ್ನು ಬಿಟ್ಟುಬಿಡೋಣ.'

ಬಿಗಿದಿರಬಹುದು.
ಇಪ್ಪತ್ತಾರು ವರ್ಷ ಪಳಗಿದ ಕೈ; ಆದರೂ ಕೈ.
ಭೂತಗನ್ನಡಿ ಹಿಡಿದೆ: ದವಡೆಯ ಗುರುತು ಇಲ್ಲಿ,
ಹರಿದದ್ದು ಅಲ್ಲಿ,
ನಡುವೆ ಬಲೆಯ ಎರಡು ಕಣ್ಣಿನ ದೂರ.
ಹೇಳಿದೆ: ಏಳು ಜನ ಹೊಲಿಸಿಕೊಂಡು ಮನೆಗೆ ಹೋದರೆ
ಏಳನೆಯವಳನ್ನು ಎಲ್ಲಿ ಬಿಟ್ಟುಬಿಡುತ್ತೀಯ?
ಅವನು ಏನೂ ಅನ್ನಲಿಲ್ಲ. ನನ್ನ ಥರ್ಮಾಸಿನಿಂದ
ಕೇಳದೆ ಚಹಾ ಬಗ್ಗಿಸಿಕೊಂಡ.

ಬೊಹುಂಕಾಳ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ಬರೆದೆ:
೪೨೧೧. ಅಂಚು. ಕಾರಣ ಗೊತ್ತಿಲ್ಲ.

ಎಂಟನೆಯ ಚೂರು ಕಚ್ಚಿಸುವ ಮೊದಲು
ಗಂಟಲು ಸರಿಮಾಡಿಕೊಳ್ಳಲು ನಾನೇ ಒಮ್ಮೆ ಕೆಮ್ಮಿದೆ.
ಕೈ ತಾನಾಗಿ ಹೊಟ್ಟೆಗೆ ಹೋಯಿತು.