ತಟ್ಟೆಯಲ್ಲಿ ಉಳಿದ ನೀರು

ಬೈತಖೋಲ ರಸ್ತೆಯ ನನ್ನ ಅಂಗಡಿಯಲ್ಲಿ
ಕತ್ತಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಮೂಗಿಗೆ,
ಕಡೆಗೆ ಗಿರಾಕಿಗೆ.

ಹೋದ ಮಾಗಿಯಲ್ಲಿ ಅಮದಳ್ಳಿಯ ದೇವಯಾನಿ ಹರಿಕಂತ್ರ
ಸೀಗಡಿ ಸಿಪ್ಪೆ, ಒಣ ತಾರ್ಲೆ ಕುಟ್ಟಿ
ಮರಿಗಳ ಮೇವಿಗೆ ಬೆರೆಸಿದ್ದಳು.
ಬಂದರಿನಲ್ಲಿ ಪುಕ್ಕಟೆ, ಬಲೆಯ ಕಸ.
ಕೊಬ್ಬಿದವು ನಿಜ, ನಲವತ್ತು ದಿನಕ್ಕೆ ಎರಡು ಕಿಲೋ ದಾಟಿ.
ಆದರೆ ತೊಡೆ ಬಿಡಿಸಿದರೆ
ಇಳಿತದ ಹೊತ್ತಿನ ಕಡಲ ವಾಸನೆ.
"ಮೀನೇ ತಿನ್ನೋದಾದರೆ ಮೀನುಪೇಟೆ ಇರಲಿಲ್ವಾ ಪಾಸ್ಕಲ್?"
ಗುನಗರ ಮುದುಕಿ ಪೊಟ್ಟಣ ಬಿಚ್ಚಿ
ತಕ್ಕಡಿ ಮೇಲೇ ಇಟ್ಟು ಹೋದಳು.

ದೇವಯಾನಿ ಶೆಡ್ಡಿನ ನಡುವೆ ಅಡ್ಡ ಕಟ್ಟಿದಳು
ಗಂಡನ ಹಳೆಯ ರಂಪಣಿ ಬಲೆಯ ತುಂಡು.
ಬಲಗಡೆಗೆ ಕಂಪನಿ ಮೇವು, ಹಾಗೇ.
ಎಡಗಡೆಗೆ ಅದೇ ಮೇವು, ಜೊತೆಗೆ
ರಸ ಹಿಂಡಿ ಎಸೆದ ಮುರುಗಲು ಸಿಪ್ಪೆಯ ಪುಡಿ,
ಚಿಟಿಕೆ ಅರಿಶಿನ,
ಡಾಕ್ಟರು ಬರೆದುಕೊಟ್ಟ ವಿಟಮಿನ್ ಹನಿ, ನೀರಿನಲ್ಲಿ.
ಹುಳಿಗೆ ಮೊದಲ ವಾರ ಕೊಕ್ಕು ತಿರುಗಿಸಿದವಂತೆ.
ಹಿಡಿಯಿಂದ ಚಮಚಕ್ಕೆ ಇಳಿಸಿದಳು.
ಮಗಳು ಗಣಿತದ ಪಟ್ಟಿಯ ಹಿಂಬದಿಯಲ್ಲಿ ಬರೆದಿಟ್ಟಳು
ತಿಂದದ್ದು, ತೂಗಿದ್ದು, ಸತ್ತದ್ದು.
ಸತ್ತದ್ದು ಅತ್ತ ಹನ್ನೊಂದು, ಇತ್ತ ಒಂಬತ್ತು.
ಎರಡರ ಅಂತರಕ್ಕೆ ಹಬ್ಬ ಮಾಡಲಾಗದು.

ಯಾವುದು ಯಾವ ಕಡೆಯದೆಂದು ನನಗೆ ಹೇಳಲಿಲ್ಲ.
ಕಾಲಿಗೆ ದಾರ ಮಾತ್ರ: ಕೆಂಪು, ಬಿಳಿ.

ಬಿಳಿ ದಾರದ ಎದೆಮಾಂಸ ಬೆರಳಿಟ್ಟಲ್ಲಿ ಕುಸಿಯಿತು,
ಗುಳಿ ಹಾಗೇ ನಿಂತಿತು.
ಬೆಳಿಗ್ಗೆ ತಟ್ಟೆಯಲ್ಲಿ ಅರ್ಧ ಲೋಟ ನಸುಗೆಂಪು ನೀರು.
ತೂಗಿ ಕೊಂಡ ದುಡ್ಡು ಹರಿದುಹೋಗುವುದು ಹೀಗೆ.
ಕೆಂಪು ದಾರದ್ದು
ತನ್ನ ನೀರನ್ನು ತಾನೇ ಹಿಡಿದುಕೊಂಡು ಕೂತಿತ್ತು,
ಎರಡನೆಯ ದಿನವೂ ಬಣ್ಣ ಬಿಡದೆ.

ಸುದ್ದಿ ಕೇಳಲು ಬಂದವಳು
ತಟ್ಟೆ ಓರೆ ಮಾಡಿ ನೋಡಿದಳು, ಒಮ್ಮೆ, ಮತ್ತೊಮ್ಮೆ.
"ರುಚಿ?"

ರುಚಿಗೆಂದೇ ಎರಡನ್ನೂ ಗುನಗರ ಮುದುಕಿಗೆ ಕೊಟ್ಟಿದ್ದೆ, ಪುಕ್ಕಟೆ.
ಅವಳೋ ಕಾಯಿ ಹುರಿದು, ಮೆಣಸು ಹುರಿದು, ಲವಂಗ ಜಜ್ಜಿ
ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿ
"ಲಾಯ್ಕ ಆಗಿತ್ತು ಮಗಾ, ಮೀನು ನಾರಲಿಲ್ಲ" ಎಂದಿದ್ದಳು.

ದೇವಯಾನಿ ಕಟ್ಟೆಗೆ ಕೈ ಊರಿ
ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.
ಆಮೇಲೆ, ಮಳೆ ಹಿಡಿಯುವ ಮುಂಚೆ
ಇನ್ನೆಷ್ಟು ಬುಟ್ಟಿ ಸಿಪ್ಪೆ ಒಣಗಿಸಬಹುದೆಂದು
ಬೆರಳು ಮಡಚುತ್ತ ಬಸ್ಸಿಗೆ ಹೊರಟಳು,
ಕೈಚೀಲದಲ್ಲಿ ಎರಡು ಬಂಗಡೆ,
ತನ್ನ ರಾತ್ರಿಯೂಟಕ್ಕೆ.