ಬಾನೆಟ್ ಮ್ಯಾಲ ಅಂಗೈ

ನಾವು ಹೋಗೂದ್ರಾಗ ಅದು ಎಚ್ಚರ ಇತ್ತು.
‘ನಿನ್ನೆ ಸಂಜಿಯಿಂದ ಮುಟ್ಟಿಲ್ರೀ,
ನೀವ ಮೊದಲ ಕೀಲಿ ತಿರುವ್ರಿ’ ಅಂದರು ಕಮಡೊಳ್ಳಿಯವರು.
ನಾನು ಕೀಲಿ ಇಸಗೊಳ್ಳಲಿಲ್ಲ.
ಸುಮ್ಮನ ಬಾನೆಟ್ ಮ್ಯಾಲ ಅಂಗೈ ಇಟ್ಟೆ,
ಹಂಚಿನ ಮ್ಯಾಲ ಹಿಡೀತೀನಲ್ಲ, ಹಂಗ.

ಹತ್ತೊಂಬತ್ತು ವರ್ಷ ರೊಟ್ಟಿ ಬಡದ ಕೈ.
ಯಾವುದು ಕಾದೈತಿ, ಯಾವುದು ಆರಾಕತ್ತೈತಿ
ಇದಕ್ಕ ಯಾರೂ ಹೇಳಬೇಕಾಗಿಲ್ಲ.
ಮಾಗಿ ಚಳಿ, ಮುಂಜಾನೆ ಏಳು, ಕೇಶ್ವಾಪುರದ ಗಲ್ಲಿ.
ರಾತ್ರಿಯೆಲ್ಲ ಬೇವಿನ ಗಿಡದ ಕೆಳಗ ನಿಂತ ತಗಡು
ಕೂಸಿನ ಕುಂಡಿಯಂಗ ಬೆಚ್ಚಗಿತ್ತು.

ನೆಗೆಣ್ಣಿ ಬಸಲಿಂಗವ್ವ ನನ್ನ ಮಾರಿ ನೋಡಿದಳು.
ನಾನು ಏನೂ ಅನ್ನಲಿಲ್ಲ.

ಗಾಡಿ ಚೆಂದನ ಐತಿ. ಬೂದಿಬಣ್ಣದ ವ್ಯಾಗನ್ ಆರ್.
ಹಿಂದಿನ ಸೀಟು ಮಡಚಿದರ
ಎಂಟುನೂರು ರೊಟ್ಟಿ, ಶೇಂಗಾ ಹಿಂಡಿ ಡಬ್ಬಿ,
ಮ್ಯಾಲ ನಮ್ಮ ಬಸಲಿಂಗವ್ವನೂ ಹಿಡಿಸ್ತಾಳ.
ಈಗ ಧಾರವಾಡದ ಸಪ್ತಾಪುರಕ್ಕ ಒಯ್ಯಾಕ
ಆಟೋದವ ದಿನಾ ನಾಕನೂರು ತಗೋತಾನ.
ತಿಂಗಳಿಗೆ ಒಂದೂವರಿ ಸಾವಿರ ರೊಟ್ಟಿ
ಬರೇ ಅವಗ ಬಡೀತೇವಿ.

ಹಜರತಅಲಿ ಮಿಸ್ತ್ರಿ
ಉದ್ದನ್ನ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿಕಿ ತನ್ನ ಕಿವಿಗೆ ಹಚ್ಚಿ
ಕಣ್ಣು ಮುಚ್ಚಿ ನಿಂತ, ಬಾಳೊತ್ತು.
ಆಮ್ಯಾಲ ಆಯಿಲ್ ಮುಚ್ಚಳ ತಿರುವಿ ‘ನೋಡವಾ’ ಅಂದ.
ಒಳಗ ಕೆನಿ ಕಟ್ಟಿತ್ತು,
ಮರತು ಇಟ್ಟ ಚಹಾದ ಮ್ಯಾಲಿಂದು.

‘ಥಂಡಿಗೆ ಹಂಗ ಆಗತೈತ್ರಿ. ಬಾಳಾದ್ರ ಗ್ಯಾಸ್ಕೆಟ್.’

‘ಗ್ಯಾಸ್ಕೆಟ್ ಆದರ ಹನ್ನೆರಡು ಸಾವಿರ,’ ಅಂದ ಹಜರತಅಲಿ,
‘ಹೆಡ್ ಡೊಂಕಾಗಿದ್ದರ ಇಪ್ಪತ್ತೈದು.
ಬ್ಲಾಕ್ ಸೀಳಿದ್ದರ ಹೊಳ್ಳಿ ನನ್ನ ಕೇಳಬ್ಯಾಡ್ರಿ.’
ಇದು ಯಾವುದು?
‘ಬಿಚ್ಚಿದ ಮ್ಯಾಲ ಹೇಳತೇನಿ.’
ಬಿಚ್ಚು ಮತ್ತ.
‘ಮೊದಲ ಗಾಡಿ ನಿಮ್ಮದಾಗಬೇಕಲ್ಲವಾ.’

‘ನಮ್ಮ ರೊಟ್ಟಿ ಹಾದಿ ಹಿಡೀರಿ’ ಅಂದೆ.
ಉಣಕಲ್ ಕೆರಿ ದಾಟೂತನಕ
ಬೀಗರ ಮನಿಗೆ ಹೊಂಟವರಂಗ ತೆಪ್ಪಗ ಹೋತು.
ನವಲೂರ ಏರಿನ್ಯಾಗ ಸೂಜಿ ಎದ್ದಿತು.
ಹಿಂದ ಬೆಳ್ಳನ್ನ ಹೊಗಿ,
ಪಾಕ ಸೀದಂಥ ಸೀ ವಾಸನಿ.
ಪ್ಯಾರಲ ಹಣ್ಣಿನಾಕಿ ಬುಟ್ಟಿಗೆ ಸೆರಗು ಮುಚ್ಚಿ
ನಮ್ಮ ವಂಶ ಎಲ್ಲಾ ಬೈದಳು.
ಬಾಜೂಕ, ತನ್ನ ಹಾದ್ಯಾಗ,
ಚಿಗರಿ ಬಸ್ಸು ನಮ್ಮನ್ನ ಹಿಂದ ಹಾಕಿ ಹೋತು.

ತಿರುಗಿ ಬಂದ ಮ್ಯಾಲ ಕಮಡೊಳ್ಳಿಯವರು
ಕಟ್ಟಿ ಮ್ಯಾಲ ಕುಂತು ಚಪ್ಪಲಿ ನೋಡಿಕೋತ ಹೇಳಿದರು:
ಹೋದ ಶ್ರಾವಣದಾಗ ಗದಗಿನಿಂದ ಬರಾಕತ್ತಿದ್ದರಂತ.
ಅಣ್ಣಿಗೇರಿ ಹತ್ರ ಸೂಜಿ ಕೆಂಪಿಗೆ ಹೋತಂತ.
‘ನಿಲ್ಲಿಸಿದ್ದರ ಗಾಡಿ ಉಳೀತಿತ್ರಿ.
ಅವ್ವ ಹಿಂದ ಮಲಗಿದ್ದಳು. ಮಾತಾಡವಲ್ಲಳು.
ಕಿಮ್ಸಿನ ಗೇಟಿಗೇ ನಿಲ್ಲಿಸಿದೆ.’

ಒಳಗಿಂದ ಒಬ್ಬ ಮುದುಕಿ
ಐದು ಕಪ್ಪು ಚಹಾ ತಂದಳು, ಎಡಗೈ ಸ್ವಲ್ಪ ನಡಗತಿತ್ತು,
‘ಸಕ್ರಿ ಸಾಕಾತೇನ ನೋಡ್ರೆವಾ’ ಅಂದಳು.

ಚಹಾ ಕುಡಿಯೂತನಕ ತಡದೆ.
ಆಮ್ಯಾಲ ಅಂದೆ: ‘ಅಣ್ಣಾರ, ಇವತ್ತ ನಾವು ಬರೂ ಮೊದಲ
ನೀವು ಅದನ್ನ ಎಬ್ಬಿಸಿದ್ದಿರಿ.’
ಬೇವಿನ ಎಲಿ ಒಂದು ಬಾನೆಟ್ ಮ್ಯಾಲ ಬಿತ್ತು.
‘ಚಳಿಗೆ ಲಗೂ ಹತ್ತವಲ್ಲದ್ರಿ,’ ಅಂದರು.
‘ಆರು ಸಲ ತಿರುವಿದೆ.’

ಈ ಮಾತು ಮುಂಜಾನೆನ ಹೇಳಿದ್ದರ
ನಾನು ಡಬ್ಬಿ ಅಲ್ಲೇ ಬಿಚ್ಚತಿದ್ದೆನೋ ಏನೋ.
ಡಬ್ಬ್ಯಾಗ ಒಂದೂ ಹದಿನೈದು ಇತ್ತು,
ಅವರು ಕೇಳಿದ್ದು ಒಂದೂ ಮೂವತ್ತು.

‘ಬಿಚ್ಚೂ ಖರ್ಚು ನಂದು,’ ಅಂದೆ.
‘ಬ್ಲಾಕ್ ಸೀಳಿದ್ದರ ಗಾಡಿ ನಿಮ್ಮದು.
ಸೀಳದಿದ್ದರ ತೊಂಬತ್ತು.’
ಬಸಲಿಂಗವ್ವ ನನ್ನ ಚೂಟಿದಳು,
ಹೆಚ್ಚಾತಂತೋ ಕಡಿಮ್ಯಾತಂತೋ ಇನ್ನೂ ಹೇಳಿಲ್ಲ.
‘ತಮ್ಮನ್ನ ಕೇಳಿ ಫೋನ್ ಮಾಡತೇನ್ರಿ.’

ಇವತ್ತಿಗೆ ಮೂರನೇ ದಿನ.
ಹಂಚು ಕಾದೈತಿ. ಫೋನು ಹಿಟ್ಟಿನ ಡಬ್ಬಿ ಮ್ಯಾಲ
ಬೆಳ್ಳಗಾಗಿ ಕುಂತೈತಿ.
ಹೊರಗ ಆಟೋದವ ಎರಡನೇ ಸಲ ಹಾರ್ನ್ ಹೊಡದ.
‘ಬಂದೆವೋ,’ ಅಂದಳು ಬಸಲಿಂಗವ್ವ,
‘ನಿನ್ನ ನಾಕನೂರು ಎಲ್ಲಿ ಓಡಿ ಹೋಗತಾವು.’